ನಡುಮನೆಯ ಕಯಾಕ್

ಕಯಾಕಿನ ಮೂತಿ ಅಡುಗೆಮನೆಗೆ ನುಗ್ಗಿದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ದರ್ಜಿ ಅದನ್ನು ಕೊಳ್ಳುವ ಮುಂಚೆ ಅಂಗಿ ಅಳೆಯುವ ಟೇಪಿನಲ್ಲಿ ಅದರ ಉದ್ದ, ಅಗಲ, ಆಳ ಎಲ್ಲವನ್ನೂ ಅಳೆದಿದ್ದ. ಒಂದು ಗುಂಡಿ ಹೊಲಿಯುವುದಕ್ಕೂ ಎರಡೆರಡು ಸಲ ಅಳತೆ ನೋಡುವ ಮನುಷ್ಯ ಮನೆಯನ್ನು ಮಾತ್ರ ಅಳೆದಿರಲಿಲ್ಲ. ಹಾಗಾಗಿ ಆ ಹಸಿರು ದೋಣಿ ಬಾಲವನ್ನು ಬೀದಿಬಾಗಿಲ ಹತ್ತಿರ, ಹೊಟ್ಟೆಯನ್ನು ನಡುಮನೆಯಲ್ಲಿ, ಮೂತಿಯನ್ನು ಒಲೆಯ ಪಕ್ಕ ಇಟ್ಟುಕೊಂಡು, ಹೋಗುವ ಮಾತೇ ಎತ್ತದ ನೆಂಟನ ಹಾಗೆ ಮಲಗಿಬಿಟ್ಟಿತ್ತು.

ಭಾನುವಾರ ಬೆಳಗಿನ ಜಾವ ಅತ್ತೆ ನೀರು ಕುಡಿಯಲು ಎದ್ದರು. ಕಾಲ ಹೆಬ್ಬೆರಳು ಕಯಾಕಿಗೆ ಬಡಿಯಿತು. ಅವರ ಕೂಗಿಗೆ ಪಕ್ಕದ ಮನೆಯಲ್ಲೂ ದೀಪ ಹೊತ್ತಿಕೊಂಡಿತು.

"ಅಳಿಯಂದ್ರೇ!"

ಗಾಳದ ಕೋಲಿಗೆ ದಾರ ಪೋಣಿಸುತ್ತಿದ್ದ ದರ್ಜಿ ಎದ್ದು ನಿಂತ.

"ಇವತ್ತು ತೀರ್ಮಾನ ಆಗ್ಲಿ. ಈ ದೋಣೀಲಿ ಕೂತು ಹಿಡಿದ ಮೀನು ಇವತ್ತು ಈ ಮನೆಗೆ ಬರ್ಬೇಕು. ಬಂತಾ, ದೋಣಿ ಇರ್ಲಿ, ನಾನು ಇನ್ನೊಂದು ಮಾತಾಡಲ್ಲ. ಬರ್ಲಿಲ್ವಾ, ನಾಳೆ ಇದು ಗುಜರಿಗೆ."

"ಅತ್ತೆ, ಹೋದ ವಾರ ತಂದಿದ್ನಲ್ಲ..."

"ಅದರ ಬಾಯಲ್ಲಿ ಐಸ್ ಇತ್ತು. ನಿಮ್ಮ ಕೆರೇಲಿ ಐಸ್ ಗಡ್ಡೆ ಬೆಳೆಯುತ್ತಾ? ಅದಕ್ಕೇ ಇವತ್ತು ನಾನೂ ಬರ್ತೀನಿ. ಕಣ್ಣಾರೆ ನೋಡ್ಬೇಕು."

ದರ್ಜಿ ಹೆಂಡತಿಯ ಮುಖ ನೋಡಿದ. ಆಕೆ ನಗು ತಡೆಯಲು ಚಾದರವನ್ನು ಬಾಯಿಗೆ ಒತ್ತಿಕೊಂಡು, "ಹೋಗ್ಬನ್ನಿ ರೀ, ಕೊಡೆ ಮರೀಬೇಡಿ, ಅಮ್ಮಂಗೆ ಬಿಸಿಲಾಗಲ್ಲ" ಎಂದಳು.

ಜೀವಮಾನವೆಲ್ಲ ದರ್ಜಿ ಬೇರೆಯವರ ಮೈಗೆ ಹೊಂದುವುದನ್ನೇ ಮಾಡಿಕೊಂಡು ಬಂದವನು. ತನ್ನ ಮೈಗೆ ಹೊಂದಿತು ಅಂತ ಅವನು ತಂದುಕೊಂಡ ಒಂದೇ ಒಂದು ವಸ್ತು ಈ ಕಯಾಕ್. ವರ್ಷಗಟ್ಟಲೆ ಕೆರೆಗೆ ಚರಂಡಿ ಸೇರುವ ಮೂಲೆಯಲ್ಲಿ, ದಡದ ಮೇಲೆ ಕೂತು, ಹರಿದ ಚಪ್ಪಲಿ ಮತ್ತು ಪ್ಲಾಸ್ಟಿಕ್ ಚೀಲಗಳನ್ನು ಹಿಡಿದು ಹಿಡಿದು ಅವನಿಗೆ ಸಾಕಾಗಿತ್ತು. ಇವತ್ತು ನಡುನೀರು! ಆಚೆ ದಡದ ಜೊಂಡಿನ ಸಂದಿಯಲ್ಲಿ ದೊಡ್ಡ ಮೀನುಗಳು ಬೆಳಗಿನ ಹೊತ್ತು ನೀರನ್ನು ಪಟಾರನೆ ಬಡಿಯುವುದನ್ನು ಅವನು ಎಷ್ಟು ಸಲ ದೂರದಿಂದ ನೋಡಿ ನಿಟ್ಟುಸಿರುಬಿಟ್ಟಿದ್ದ. ಹೊತ್ತು ಏರುವ ಮುಂಚೆ ಅಲ್ಲಿ ತಲುಪಿದರೆ ಸಾಕು, ಮೀನು ಸಿಕ್ಕ ಹಾಗೇ.

ಕಯಾಕನ್ನು ತಲೆಯ ಮೇಲೆ ಹೊತ್ತು ಓಡುನಡಿಗೆಯಲ್ಲಿ ಹೊರಟ. ಮುಂದೆ ದೋಣಿ, ಅದರಡಿಯಲ್ಲಿ ಎರಡು ಕಾಲು, ಹಿಂದೆ ಕೊಡೆ ಹಿಡಿದ ಅತ್ತೆ. ಬೀದಿನಾಯಿಗಳು ಬೊಗಳುವುದನ್ನೂ ಮರೆತು ನೋಡಿದವು.

ಮೀನು ಹಿಡಿಯುವವರು ಶಾಂತ ಸ್ವಭಾವದವರು ಅಂತ ಹೇಳಿದ ಪುಣ್ಯಾತ್ಮ ಯಾರೋ, ಅವನನ್ನು ಕುತ್ತಿಗೆಪಟ್ಟಿ ಹಿಡಿದು ತಂದು ಈ ಕೆರೆದಡದಲ್ಲಿ ನಿಲ್ಲಿಸಬೇಕು. ಇಲ್ಲಿ ಮೀನು ಬರೀ ನೆಪ. ಯಾರ ದೋಣಿ ಸರಿ ಎನ್ನುವ ಜಗಳವೇ ಅಸಲಿ ಆಟ. ದರ್ಜಿ ದೋಣಿ ಇಳಿಸುವ ಮೊದಲೇ ಮೂವರು ಮಹಾನುಭಾವರು ಬಂದು ಸುತ್ತುವರಿದರು.

ಮೊದಲನೆಯವರು ಕಾರು ಕಲಿಸುವ ಶಾಲೆಯ ಮೇಷ್ಟ್ರು. ಅವರದು ಮೋಟಾರು ಕಟ್ಟಿದ, ಮಂಚದಷ್ಟು ಅಗಲದ ತಗಡಿನ ದೋಣಿ.

"ಏನಯ್ಯಾ ದರ್ಜಿ, ಇದು ದೋಣಿನೋ ಹಲ್ಲುಕಡ್ಡಿನೋ?"

"ಕಯಾಕ್, ಮೇಷ್ಟ್ರೇ. ಹಗುರ. ಸದ್ದಿಲ್ಲ. ಜೊಂಡಿನ ಸಂದೀಲೂ ನುಗ್ಗುತ್ತೆ."

"ನುಗ್ಗುತ್ತೆ, ಹಾಗೇ ಮಗುಚ್ಕೊಳ್ಳುತ್ತೆ. ದೋಣಿ ಅಂದ್ಮೇಲೆ ಅಗಲ ಇರ್ಬೇಕು. ಎದ್ದು ನಿಂತು ಮೈಮುರಿದ್ರೂ ಅಲ್ಲಾಡ್ಬಾರ್ದು. ಪ್ರಾಣ ಹೋದ್ರೂ ನಾನು ಇಂಥ ಕಿರಿದಾದ ದೋಣಿ ಹತ್ತಲ್ಲ."

"ಅಗಲ ತಗೊಂಡು ಏನ್ಮಾಡ್ತೀರಿ, ಮಲಗ್ತೀರಾ?" ಎಂದ ಎರಡನೆಯವ, ಔಷಧಿ ಅಂಗಡಿಯವನು. ಅವನದು ಸೈಕಲ್ಲಿನಂತೆ ಕಾಲಲ್ಲಿ ತುಳಿಯುವ ಕಯಾಕ್. "ಕಾಲು ತುಳೀತಾ ಇರ್ಬೇಕು, ಕೈ ಎರಡೂ ಗಾಳದ ಮೇಲಿರ್ಬೇಕು. ಆಮೇಲೆ ದರ್ಜಿ, ನೀನು ಇಷ್ಟು ತಗ್ಗಿನಲ್ಲಿ ಕೂತ್ರೆ ನೀರೊಳಗಿರೋ ಮೀನು ಕಾಣುತ್ತೇನಯ್ಯಾ? ಕುರ್ಚಿ ಬೇಕು, ಎತ್ತರದ್ದು."

"ಎರಡೂ ಸುಳ್ಳು," ಎಂದ ಮೂರನೆಯವ. ಈತ ಕ್ಷೌರಿಕ. ಮಡಚಿ ಚೀಲದಲ್ಲಿ ಹಾಕಿಕೊಳ್ಳುವ ಗಾಳಿ ದೋಣಿಯ ಯಜಮಾನ. "ದೋಣಿ ಯಾವುದಾದ್ರೇನು? ಗಾಳದ ಕೋಲು ನಿಲ್ಲಿಸೋ ಗೂಡು ಇಲ್ವಲ್ಲ ಇದರಲ್ಲಿ! ಕೋಲನ್ನೇನು ಬಾಯಲ್ಲಿ ಕಚ್ಕೊಳ್ತಾನಾ?"

"ಇವತ್ತೊಂದಿನ ಹೀಗೇ ಹೋಗಿಬರ್ತೀನಿ, ಬಿಡ್ರಪ್ಪಾ. ಹೊತ್ತಾಗುತ್ತೆ," ಎಂದು ದರ್ಜಿ ಕೈ ಮುಗಿದ.

ಬಿಡುವುದುಂಟೇ! ಸಲಹೆ ಕೊಡುವವನಿಗೆ ಬೇಡ ಎನ್ನುವ ಮಾತು ಕೇಳಿಸುವ ಕಿವಿಯನ್ನೇ ದೇವರು ಕೊಟ್ಟಿರುವುದಿಲ್ಲ. ಔಷಧಿ ಅಂಗಡಿಯವನು ತನ್ನ ಹಳೆಯ ಕುರ್ಚಿ ತಂದು ಕಯಾಕಿನ ನಡುವೆ ಕೂರಿಸಿ ಪಟ್ಟಿ ಬಿಗಿದ. ಕ್ಷೌರಿಕ ಬೈರಿಗೆ ತೆಗೆದ.

"ಅಯ್ಯೋ, ತೂತು ಕೊರೀಬೇಡ್ರೀ! ನೀರು ಬರುತ್ತೆ!"

"ತಲೆ ಅಲ್ಲಾಡಿಸ್ಬೇಡ, ಸುಮ್ನಿರು," ಎಂದ ಕ್ಷೌರಿಕ ರೂಢಿಯಂತೆ. "ನೀರಿಗಿಂತ ಮೇಲೇ ಕೊರೀತಿದೀನಿ."

ಗರ್‌ರ್ ಎಂದು ಬೈರಿಗೆ ತಿರುಗಿದಾಗ ಅದು ದರ್ಜಿಯ ಹೊಟ್ಟೆಯಲ್ಲೇ ಇಳಿದ ಹಾಗಾಯಿತು. ಗೂಡು ಕೂತಿತು. ಅದು ಓರೆಯಾಯಿತೆಂದು ಮೇಷ್ಟ್ರು ಬಿಚ್ಚಿಸಿದರು. ಮತ್ತೆ ಕೊರೆದರು. ಕುರ್ಚಿ ಹಿಂದಾಯಿತೆಂದು ಮುಂದಕ್ಕೆ, ಮುಂದಾಯಿತೆಂದು ಹಿಂದಕ್ಕೆ ಸರಿಸಿದರು. ಆಚೆ ದಡದಲ್ಲಿ ಪಟಾರ್ ಎಂದು ಒಂದು ಮೀನು ಹಾರಿತು. ದರ್ಜಿ ಕುಣಿದಾಡಿಬಿಟ್ಟ.

"ನೋಡ್ರೀ, ನೋಡ್ರೀ, ಅಲ್ಲಿ! ಬಿಡ್ರೀ ನನ್ನ!"

"ಹಾರೋ ಮೀನು ಗಾಳಕ್ಕೆ ಬೀಳಲ್ಲ," ಎಂದರು ಮೇಷ್ಟ್ರು, ಕತ್ತು ಎತ್ತದೆ.

ಸೂರ್ಯ ಮೇಲೆ ಬಂದ. ಬೇಗ ಬಂದಿದ್ದವರು ಬುಟ್ಟಿ ತುಂಬಿಸಿಕೊಂಡು ಮನೆಗೆ ಹೊರಟರು. ಕಲ್ಲಿನ ಮೇಲೆ ಕೂತಿದ್ದ ಅತ್ತೆ ಕೊಡೆಯಡಿಯಿಂದ, "ಅಳಿಯಂದ್ರೇ, ಮೀನು ತಾನಾಗೇ ನಡ್ಕೊಂಡು ಬಂದು ಬುಟ್ಟೀಲಿ ಕೂರುತ್ತಾ?" ಎಂದರು.

ಕೊನೆಗೂ ದೋಣಿಯನ್ನು ಅಂಚಿನ ನೀರಿಗೆ ಇಳಿಸಿದರು. ಕ್ಷೌರಿಕ ಗೂಡು ಎಷ್ಟು ಗಟ್ಟಿ ಎಂದು ತೋರಿಸಲು ದರ್ಜಿಯ ಗಾಳಕ್ಕೆ ಎರೆಹುಳು ಚುಚ್ಚಿ, ನೀರಿಗೆ ಬೀಸಿ, ಕೋಲನ್ನು ಗೂಡಿನಲ್ಲಿ ನಿಲ್ಲಿಸಿದ. ಆಗ ಮೇಷ್ಟ್ರ ಕಣ್ಣು ದೋಣಿಯನ್ನು ಹಿಡಿದು ನಿಲ್ಲಿಸಿದ್ದ ಪುಟ್ಟ ಲಂಗರಿನ ಮೇಲೆ ಬಿತ್ತು.

"ಥೂ, ಇದೇನಯ್ಯಾ, ಬೀಗದ ಕೈ ಗೊಂಚಲಾ?" ಎಂದು ಹಗ್ಗ ಬಿಚ್ಚಿ ಲಂಗರನ್ನು ಕೈಗೆತ್ತಿಕೊಂಡರು. "ನನ್ನದು ಕೊಡ್ತೀನಿ ತಾಳು."

"ಮೇಷ್ಟ್ರೇ, ನಿಮ್ಮ ಲಂಗರಿಗೆ ದೋಣಿನೇ ಮುಳುಗುತ್ತೆ!"

"ಕೊಕ್ಕೆ ಇರೋದು ಬೇಕು, ಗುಂಡಗಿರೋದು ಜಾರುತ್ತೆ!"

"ಕೆಸರಿಗೆ ಕೊಕ್ಕೆ ಯಾಕಯ್ಯಾ?"

ನಾಲ್ವರೂ ಕೆರೆಗೆ ಬೆನ್ನು ಹಾಕಿ ಲಂಗರುಗಳನ್ನು ನೆಲದ ಮೇಲೆ ಹರಡಿಕೊಂಡು ಕೂಗಾಡತೊಡಗಿದರು. ಇತ್ತ ಅತ್ತೆಗೆ ಕಲ್ಲು ಒತ್ತಿ ಒತ್ತಿ ಸೊಂಟ ಹಿಡಿದಿತ್ತು. ಎದುರಿಗೇ ಮೆತ್ತನೆಯ, ಕೈ ಇಡುವ ತೋಳೂ ಇರುವ ಎತ್ತರದ ಕುರ್ಚಿ. ಗಂಡಸರ ಮಾತು ಮುಗಿಯುವ ತನಕ ಕೂರೋಣ ಎಂದುಕೊಂಡು ಅವರು ಕೊಡೆ ಸಮೇತ ಹತ್ತಿ ಕೂತರು. ಆಹಾ ಎನಿಸಿತು. ಗಾಳಿ ಬೀಸಿತು. ಬಿಚ್ಚಿದ ಕೊಡೆ ಹಾಯಿಯ ಹಾಗೆ ಉಬ್ಬಿತು.

"ಅತ್ತೆ ಎಲ್ಲಿ?" ಎಂದು ದರ್ಜಿ ತಿರುಗಿ ನೋಡುವಷ್ಟರಲ್ಲಿ ಅತ್ತೆ ಕೆರೆಯ ನಡುವಿಗೆ ಅರ್ಧ ದಾರಿ ಹೋಗಿಯಾಗಿತ್ತು.

"ಅಯ್ಯಯ್ಯೋ! ಅತ್ತೇ!"

ದಡವೆಲ್ಲ ಒಂದೇ ಗದ್ದಲ. ಮೇಷ್ಟ್ರು ಹಾರಿ ತಮ್ಮ ದೋಣಿ ಹತ್ತಿದರು. ಪೆಟ್ಟಿಗೆ, ಬ್ಯಾಟರಿ, ಮೀನು ತೋರಿಸುವ ಪರದೆ, ಮಲಗುವ ಹಾಸಿಗೆ ಎಲ್ಲ ತುಂಬಿದ್ದ ದೋಣಿ ಕೆಸರಿನಿಂದ ಮಿಸುಕಲಿಲ್ಲ. ಮೋಟಾರು ಮಾತ್ರ ಕೆಸರು ಎರಚಿ ಅವರನ್ನು ತಲೆಯಿಂದ ಕಾಲಿನವರೆಗೆ ಬಳಿದಿಟ್ಟಿತು. ಔಷಧಿ ಅಂಗಡಿಯವನು ತನ್ನ ಕಯಾಕ್ ಹತ್ತಿ ಶಕ್ತಿಮೀರಿ ತುಳಿದ. ಜೊಂಡು ಪೆಡಲಿಗೆ ಸುತ್ತಿಕೊಂಡು, ಇದ್ದಲ್ಲೇ ಗಾಣದೆತ್ತಿನಂತೆ ಸುತ್ತಿದ. ಕ್ಷೌರಿಕ ಗಾಳಿ ದೋಣಿಗೆ ಧುಮುಕಿದ್ದೇ ತಡ, ಅವನ ಜೇಬಿನಲ್ಲೇ ಇದ್ದ ಗಾಳ ಅದಕ್ಕೆ ಚುಚ್ಚಿತು. ಸುಯ್ಯನೆ ಸದ್ದು ಮಾಡುತ್ತಾ ದೋಣಿ ಅವನನ್ನು ಮಗುವಿನ ಹಾಗೆ ಮಡಚಿ ಸುತ್ತಿಕೊಂಡಿತು.

ದರ್ಜಿಗೆ ಈಜು ಬಾರದು. ಎದೆಮಟ್ಟದ ನೀರಿನ ತನಕ ಓಡಿ ನಿಂತ. ಹೆಂಡತಿಗೆ ಏನು ಹೇಳಲಿ? ಕೊಡೆ ಮರೆಯಲಿಲ್ಲ ಅಂತಲೇ?

ಆಗ ನಡುನೀರಿನಿಂದ ಅತ್ತೆಯ ದನಿ ಕೇಳಿತು.

"ಅಳಿಯಂದ್ರೇ! ಎಳೀತಿದೆ!"

"ಏನು ಎಳೀತಿದೆ ಅತ್ತೆ?"

"ಈ ಕೋಲು! ಯಾರೋ ಕೆಳಗಿಂದ ಎಳೀತಿದಾರೆ!"

ಗಾಳದ ಕೋಲು ಬಿಲ್ಲಿನಂತೆ ಬಾಗಿತ್ತು. ದರ್ಜಿಯ ಭಯ ಎತ್ತ ಹೋಯಿತೋ! "ಅತ್ತೆ, ತುದಿ ಮೇಲೆತ್ತಿ! ರಾಟೆ ಸುತ್ತಿ! ಹಾಗಲ್ಲ, ಹಾಗಲ್ಲ, ಸ್ವಲ್ಪ ಬಿಡಿ! ಅಯ್ಯೋ, ಎಡಕ್ಕೆ!"

"ನೀವು ಸುಮ್ನಿರಿ! ಮೀನು ನನ್ನ ಕೈಲಿದೆ, ನಿಮ್ಮ ಕೈಲಲ್ಲ!"

ಮಿಕ್ಕ ಮೂವರೂ ಕೆಸರಲ್ಲಿ, ಜೊಂಡಲ್ಲಿ, ರಬ್ಬರಲ್ಲಿ ಸಿಕ್ಕಿಕೊಂಡೇ ಕಿರುಚಿದರು. ಅತ್ತೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಡೆ ಮಡಚಿ ಕಾಲ ಕೆಳಗೆ ಹಾಕಿ, ಎರಡೂ ಪಾದ ಊರಿ, ಒಗೆದ ಕಂಬಳಿ ಹಿಂಡುವವರ ಹಾಗೆ ಹಲ್ಲುಕಚ್ಚಿ ಸುತ್ತಿದರು. ದೋಣಿ ಆ ಕಡೆ ವಾಲಿತು, ಈ ಕಡೆ ವಾಲಿತು. ಪಟಾರ್! ತೊಡೆಯಷ್ಟು ದಪ್ಪದ ಬೆಳ್ಳಿ ಮೀನು ಗಾಳಿಯಲ್ಲಿ ಮಿಂಚಿ ನೇರ ಅತ್ತೆಯ ಮಡಿಲಿಗೆ ಬಿತ್ತು. ಅತ್ತೆ ಅದನ್ನು ತಬ್ಬಿಕೊಂಡು, ಒದ್ದಾಟ ನಿಲ್ಲುವ ತನಕ ಬಿಡಲಿಲ್ಲ. ಆಮೇಲೆ ಹುಟ್ಟನ್ನು ಕೈಗೆತ್ತಿಕೊಂಡು ಮುದ್ದೆ ತೊಳಸುವಂತೆ ನೀರು ತೊಳಸುತ್ತಾ ದಡಕ್ಕೆ ಬಂದರು.

ಜನ ಶಿಳ್ಳೆ ಹೊಡೆದರು, ಸಿಕ್ಕಿಕೊಂಡಿದ್ದ ಮೂವರನ್ನೂ ಅವರ ದೋಣಿಗಳನ್ನೂ ದಡಕ್ಕೆ ಎಳೆದು ಹಾಕಿದರು. ಮೀನನ್ನೂ ಅತ್ತೆಯನ್ನೂ ದೋಣಿಯನ್ನೂ ಸುತ್ತುವರಿದು ಮೆರವಣಿಗೆಯೇ ಹೊರಟಿತು. ಕೆಸರಿನಲ್ಲಿ ಹೂತ ಚಪ್ಪಲಿ ಹುಡುಕಲು, ಚೆಲ್ಲಾಪಿಲ್ಲಿಯಾದ ಎರೆಹುಳುಗಳನ್ನು ಬಳಿದು ಡಬ್ಬಿಗೆ ತುಂಬಲು ದರ್ಜಿಯೊಬ್ಬನೇ ಬಹಳ ಹೊತ್ತು ಉಳಿದ. ಆದರೆ ಅವನ ಮನಸ್ಸು ಹಾಡುತ್ತಿತ್ತು. ಮೀನು ಯಾರು ಹಿಡಿದರೇನು? ಈ ದೋಣಿಯಲ್ಲಿ ಕೂತು ಹಿಡಿದ ಮೀನು, ಇವತ್ತೇ, ಈ ಮನೆಗೇ! ಅತ್ತೆ ಮಾತಿಗೆ ತಪ್ಪುವ ಹೆಂಗಸಲ್ಲ. ಕಯಾಕ್ ಉಳಿಯಿತು! ತೊಯ್ದ ಅಂಗಿಯಲ್ಲೇ, ಹುಟ್ಟನ್ನು ಹೆಗಲಿಗೆ ಹಾಕಿಕೊಂಡು, ಮುಂದಿನ ಭಾನುವಾರ ಜೊಂಡಿನ ಯಾವ ಸಂದಿಗೆ ಮೊದಲು ನುಗ್ಗಬೇಕೆಂದು ಯೋಚಿಸುತ್ತಾ ಓಡಿದ.

ಬೀದಿಯ ತಿರುವಿನಲ್ಲಿ ಹಸಿರು ಕಯಾಕ್ ಎದುರಾಯಿತು. ಅದರ ಕೆಳಗೆ ಇದ್ದದ್ದು ಔಷಧಿ ಅಂಗಡಿಯವನ ಕಾಲು.

"ಎಲ್ಲಿಗಯ್ಯಾ ನನ್ನ ದೋಣಿ?"

"ಮೇಷ್ಟ್ರ ಮನೆಗೆ. ಅದೀಗ ಅವರದು. ಮೀನು ಬಿದ್ದಿದ್ದು ನೋಡಿದ್ದೇ ನೋಡಿದ್ದು, 'ಕಿರಿದಾದ ದೋಣಿನೇ ದೋಣಿ, ಮಿಕ್ಕಿದ್ದೆಲ್ಲ ತಗಡು' ಅಂತ ನಿನ್ನ ಅತ್ತೆ ಹತ್ರ ಗೋಗರೆದುಬಿಟ್ರು. ಆಯಮ್ಮ ಬದಲಾಯಿಸ್ಕೊಂಡ್ರು. ಹುಟ್ಟು ಕೊಡು, ಅದೂ ಇದರ ಜೊತೇದೇ."

ದರ್ಜಿಯ ಹೆಗಲಿಂದ ಹುಟ್ಟು ಹೋಯಿತು. ಅವನು ಮನೆಯ ಕಡೆ ಹಾರಿದ. ಬೀದಿಬಾಗಿಲಲ್ಲಿ ಮೇಷ್ಟ್ರ ತಗಡಿನ ದೋಣಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿತ್ತು. ಕ್ಷೌರಿಕ ಬೈರಿಗೆ ಹಿಡಿದು ಬಾಗಿಲ ಚೌಕಟ್ಟನ್ನು ಬಿಚ್ಚುತ್ತಿದ್ದ. ಮೇಷ್ಟ್ರು ಕೆಸರು ಮೆತ್ತಿದ ಮೈಯಲ್ಲೇ ಕೈಬೀಸಿ, "ಹಿಂದೆ, ಹಿಂದೆ, ಸ್ವಲ್ಪ ಬಲಕ್ಕೆ" ಎಂದು ಹೇಳಿಕೊಡುತ್ತಿದ್ದರು. ಒಳಗಿನಿಂದ ಮೀನು ಹುರಿಯುವ ಘಮ ಬೀದಿಗೆಲ್ಲ ಹರಡಿತ್ತು.

"ಅತ್ತೇ!" ಎಂದು ದರ್ಜಿ ಸಂದಿಯಲ್ಲಿ ಬಾಯಿಟ್ಟು ಕೂಗಿದ. "ದೋಣಿ ಇರ್ಲಿ ಅಂತ ಮಾತು ಕೊಟ್ಟಿದ್ರಲ್ಲ!"

"ಇದೆಯಲ್ಲಾ, ಕಣ್ಣಿಗೆ ಕಾಣಲ್ವಾ?" ಒಳಗಿಂದ ಉತ್ಸಾಹದ ದನಿ ಬಂತು. "ನಿಮ್ಮದು ತೀರಾ ಕಿರಿದು ಅಳಿಯಂದ್ರೇ, ತಿರುಗೋಕೂ ಆಗ್ತಿರ್ಲಿಲ್ಲ. ಇದರಲ್ಲಿ ನಾನೂ ನನ್ನ ಮಗಳೂ ಆರಾಮಾಗಿ ಕೂರ್ತೀವಿ. ನೀವು ದಡದಲ್ಲೇ ಇರಿ, ನೀವು ಕಿರುಚೋದಕ್ಕೆ ಮೀನು ಹೆದರ್ತಾವೆ."

"ರೀ," ಎಂದಳು ಹೆಂಡತಿ, ಬಾಯಲ್ಲಿ ಮೀನು ತುಂಬಿಕೊಂಡು, "ಊಟಕ್ಕೆ ಬನ್ನಿ."

"ಹೇಗೆ ಬರ್ಲಿ?"

"ಹೊರಗಿಂದ ಒಂದು ಸಲ ಜೋರಾಗಿ ತಳ್ಳಿ, ಅದು ಒಳಗೆ ಬಂದ್ರೆ ತಾನೇ ನಿಮಗೆ ದಾರಿ?"

"ಓರೆಯಾಗಿ ತಳ್ಳಯ್ಯಾ," ಎಂದರು ಮೇಷ್ಟ್ರು.

"ಓರೆ ಬೇಡ, ನೆಟ್ಟಗೆ!" ಎಂದ ಕ್ಷೌರಿಕ.

ದರ್ಜಿ ಹೆಗಲು ಕೊಟ್ಟು ತಳ್ಳಿದ.