ತನಿ ಶುರುವಾದರೆ ಕಾಫಿ

ಊರಿಗೆ ಬಂದವರನ್ನು ಸುತ್ತಾಡಿಸುವ ಕೆಲಸ ಯಾರ ತಲೆಗೆ ಬೀಳುತ್ತದೋ ಅವರಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಹಗಲು ಹೊತ್ತು ನಾನು ಜಯನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು, ದವಡೆ ಹಿಡಿದುಕೊಂಡು ಬಂದವರಿಗೆಲ್ಲ "ಇನ್ನೈದೇ ನಿಮಿಷ" ಎಂದು ಹೇಳುವವಳು. ಮಿಕ್ಕ ಹೊತ್ತಿನಲ್ಲಿ ನಮ್ಮ ಬಡಾವಣೆಯ ಸಂಗೀತ ಸಭೆಯ ಕಾರ್ಯಕರ್ತೆ. ಹೊರಗಿನಿಂದ ಬರುವ ಕಲಾವಿದರನ್ನು ಕರೆತರುವುದು, ತಿಂಡಿ ಕೊಡಿಸುವುದು, ಹೊತ್ತಿಗೆ ಸರಿಯಾಗಿ ವೇದಿಕೆ ಹತ್ತಿಸುವುದು ನನ್ನ ಪಾಲಿಗೆ ಬಂದದ್ದು. ಎರಡು ಕೆಲಸಕ್ಕೂ ಬೇಕಾದದ್ದು ಒಂದೇ, ಮುಖದ ಮೇಲೆ ಏನೂ ತೋರಿಸದಿರುವುದು.

ಈ ಸಲದ ರಾಮನವಮಿ ಕಛೇರಿಗೆ ಮೈಸೂರಿನಿಂದ ಒಬ್ಬ ಮೃದಂಗ ವಿದ್ವಾಂಸರು ಬರುವವರಿದ್ದರು. ವಯಸ್ಸಾದವರು, ಮಾತು ಕಮ್ಮಿ. ಬರುವ ಮುಂಚೆ ಒಮ್ಮೆ ಫೋನ್ ಮಾಡಿದರು.

"ರೂಮಲ್ಲಿ ಫ್ಯಾನ್ ಇಲ್ದಿದ್ರೂ ಪರವಾಗಿಲ್ಲಮ್ಮ. ಊಟ ಹೇಗಿದ್ರೂ ನಡೆಯುತ್ತೆ. ಒಂದೇ ಒಂದು ಕೇಳ್ಕೋತೀನಿ. ತನಿ ಹೊತ್ತಿಗೆ ಜನ ಎದ್ದು ಹೋಗದ ಹಾಗೆ ನೋಡ್ಕೋತೀರಾ?"

ಕಛೇರಿಯ ನಡುವೆ ಹಾಡುವವರು ಸುಮ್ಮನಾಗಿ ಮೃದಂಗದವರೊಬ್ಬರೇ ನುಡಿಸುವ ಭಾಗಕ್ಕೆ ತನಿ ಎನ್ನುತ್ತಾರೆ. ಮೃದಂಗದವರು ಸಂಜೆಯಿಡೀ ಕಾಯುವುದೇ ಅದಕ್ಕೆ. ನಮ್ಮ ಜನ ಕಾಯುವುದೂ ಅದಕ್ಕೇ, ಆದರೆ ಕಾರಣ ಬೇರೆ. ತನಿ ಶುರುವಾಯಿತೆಂದರೆ ಕಾಫಿ ಕುಡಿಯಲು, ಕಾಲು ಬಿಡಿಸಿಕೊಳ್ಳಲು, ಫೋನ್ ಮಾಡಲು ಎಲ್ಲರೂ ಏಳುತ್ತಾರೆ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮೃದಂಗದವರೊಬ್ಬರನ್ನು ಬಿಟ್ಟು.

"ಇಷ್ಟು ವರ್ಷ ಯಾರನ್ನೂ ಕೇಳಿಲ್ಲ," ಎಂದರು. "ಈ ಸಲ ನನ್ನ ಮಗನಿಗೆ ಹೆಣ್ಣು ಕೊಡ್ತಿರೋ ಬೀಗರು ಬರ್ತಿದ್ದಾರೆ. ಗಿರಿನಗರದವರು. ಮುಂದಿನ ಸಾಲಲ್ಲೇ ಕೂರ್ತಾರೆ. ಅವರ ಎದುರಿಗೆ ಖಾಲಿ ಕುರ್ಚಿಗಳಿಗೆ ನುಡಿಸೋಕೆ ಸಂಕೋಚ."

"ನೋಡ್ಕೋತೀನಿ ಸಾರ್" ಎಂದೆ. ಇನ್ನೈದೇ ನಿಮಿಷ ಎನ್ನುವ ಅದೇ ದನಿಯಲ್ಲಿ.

ಮೆಟ್ರೋ

ರೈಲು ಇಳಿದ ವಿದ್ವಾಂಸರನ್ನು ಮೆಜೆಸ್ಟಿಕ್ಕಿನಲ್ಲಿ ಎದುರುಗೊಂಡು ಮೆಟ್ರೋಗೆ ಕರೆದುಕೊಂಡು ಹೋದೆ. ಆಟೋದಲ್ಲಿ ಹೋದರೆ ಮೃದಂಗದ ಶ್ರುತಿಯೂ ನಮ್ಮ ಸೊಂಟವೂ ಒಟ್ಟಿಗೆ ಹೋಗುತ್ತವೆ.

ತಪಾಸಣೆಯ ಯಂತ್ರದೊಳಗೆ ಮೃದಂಗ ಹೋಯಿತು. ಸೆಕ್ಯುರಿಟಿಯವನು ಪರದೆ ನೋಡಿ ಬೆಲ್ಟ್ ನಿಲ್ಲಿಸಿದ.

"ಇದೇನು ಸಾರ್?"

"ಮೃದಂಗ."

"ಒಳಗೇನಿದೆ?"

"ಏನೂ ಇಲ್ಲ."

"ಏನೂ ಇಲ್ದೆ ಇಷ್ಟು ಭಾರ ಹೆಂಗಿರುತ್ತೆ? ಬಿಚ್ಚಿ."

"ಬಿಚ್ಚಿದ್ರೆ ಮತ್ತೆ ಕಟ್ಟೋಕೆ ಒಂದು ದಿನ ಬೇಕಪ್ಪ."

"ಹಾಗಾದ್ರೆ ಬಾರಿಸಿ ತೋರ್ಸಿ."

ವಿದ್ವಾಂಸರಿಗೆ ನಿಂತುಕೊಂಡು ನುಡಿಸಿ ಗೊತ್ತಿಲ್ಲ. ಪಂಚೆ ಸರಿಮಾಡಿಕೊಂಡು ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರು. ಶ್ರುತಿ ಸೇರಿಸದೆ ನುಡಿಸಿಯೂ ಗೊತ್ತಿಲ್ಲ. ಜೋಳಿಗೆಗೆ ಕೈಹಾಕಿ, ಅಂಚಿಗೆ ತಟ್ಟಿ ಶ್ರುತಿ ಸರಿಮಾಡುವ ಗುಂಡುಕಲ್ಲು ತೆಗೆದರು. ಸೆಕ್ಯುರಿಟಿಯವನು ಎರಡು ಹೆಜ್ಜೆ ಹಿಂದೆ ಸರಿದ.

"ಕಲ್ಲು ಯಾಕೆ ತಂದಿದ್ದೀರಾ? ಮೆಟ್ರೋದಲ್ಲಿ ಕಲ್ಲು ಬಿಡಲ್ಲ."

"ಇದಿಲ್ದೆ ಅದು ನುಡಿಯಲ್ಲ," ಎಂದು ವಿದ್ವಾಂಸರು ಅವನ ಕಡೆ ನೋಡದೆ ತಟ್ಟುತ್ತಾ ಹೋದರು. ಆಮೇಲೆ ನುಡಿಸಿದರು. ಆಫೀಸಿಗೆ ಹೋಗುವವರ ಸಾಲು ಹಿಂದೆ ಬೆಳೆಯಿತು. ಕೆಲವರು ಫೋನ್ ಹಿಡಿದರು. ಸೆಕ್ಯುರಿಟಿಯವನ ತಲೆ ತಾನಾಗಿಯೇ ಅಲ್ಲಾಡತೊಡಗಿತು. ಮುಗಿದ ಮೇಲೆ ಅವನು ಎಚ್ಚೆತ್ತು ಗಂಭೀರನಾದ. ಡ್ಯೂಟಿ ಎಂದರೆ ಡ್ಯೂಟಿ.

"ಮೃದಂಗ ಓಕೆ ಸಾರ್. ಈಗ ಕಲ್ಲು ಬಾರಿಸಿ ತೋರ್ಸಿ."

ಮಸಾಲೆ ದೋಸೆ

ಮರುದಿನ ಭಾನುವಾರ. ಬೆಳಿಗ್ಗೆ ಅವರನ್ನು ನಾಲ್ಕನೇ ಬ್ಲಾಕಿನ ಹತ್ತಿರದ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಭಾನುವಾರ ಬೆಳಿಗ್ಗೆ ನಮ್ಮ ಕಡೆ ಹೋಟೆಲಿನಲ್ಲಿ ಕುರ್ಚಿ ಹಿಡಿಯುವುದಕ್ಕೆ ಒಂದು ಕ್ರಮವಿದೆ. ತಿನ್ನುತ್ತಿರುವವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ಏನೂ ಹೇಳಬಾರದು, ಅವರ ತಟ್ಟೆಯನ್ನು ಮಾತ್ರ ನೋಡುತ್ತಿರಬೇಕು. ಅವರು ಕಾಫಿ ತರಿಸಿದರೆ ನಿಟ್ಟುಸಿರು ಬಿಡಬಹುದು. ಹೀಗೆ ನಿಂತು ನಾನು ಎರಡು ಕುರ್ಚಿ ಗಿಟ್ಟಿಸಿದೆ.

ದೋಸೆ ಬಂತು. ವಿದ್ವಾಂಸರು ಮೊದಲನೇ ತುತ್ತು ಮುರಿಯುವಷ್ಟರಲ್ಲಿ ಅವರ ಬೆನ್ನ ಹಿಂದೆ ಒಬ್ಬ ಮಹಾಶಯರು ಹೆಂಡತಿ ಸಮೇತ ಬಂದು ನಿಂತರು. ವಿದ್ವಾಂಸರು ತಿರುಗಿ ನೋಡಿ ನಕ್ಕರು. ಮೈಸೂರಿನಲ್ಲಿ ಹೀಗೆ ಕೈಕಟ್ಟಿ ಹಿಂದೆ ನಿಲ್ಲುವವರು ಶಿಷ್ಯರು ಮಾತ್ರವಂತೆ.

"ನೀವು ಸಂಗೀತ ಕಲೀತಿದ್ದೀರಾ?"

"ಇಲ್ಲ ಸಾರ್. ನೀವು ತಿನ್ನಿ, ನಿಧಾನವಾಗಿ ತಿನ್ನಿ," ಎಂದರು ಅವರು, ಆ ನಿಧಾನ ಎಂಬ ಪದವನ್ನು ಆದಷ್ಟು ಬೇಗ ಹೇಳಿ.

"ನಿಂತ್ಕೊಂಡೇ ಇದ್ದೀರಲ್ಲ, ಏನಾದ್ರೂ ಬೇಕಿತ್ತಾ?"

"ಈ ಸೀಟು ಸಾರ್."

ವಿದ್ವಾಂಸರ ಮುಖ ನೋಡುವಂತಿತ್ತು. ಒಬ್ಬರ ಸೀಟಿನಲ್ಲಿ ಗೊತ್ತಿಲ್ಲದೆ ಕೂತುಬಿಟ್ಟೆನಲ್ಲ ಎಂದು ಅವರಿಗೆ ಅನ್ನಿಸಿರಬೇಕು. "ಅಯ್ಯೋ, ಮೊದಲೇ ಹೇಳಬಾರದಾ" ಎಂದು ತಟ್ಟೆ ಸಮೇತ ಎದ್ದೇಬಿಟ್ಟರು. ನಾನು "ಸಾರ್, ಬೇಡ" ಎನ್ನುವಷ್ಟರಲ್ಲಿ ಮಹಾಶಯರು ಕೂತಾಗಿತ್ತು. ಅವರ ಹೆಂಡತಿ ನನ್ನ ಕುರ್ಚಿಯ ಹಿಂದೆ ಬಂದಾಗಿತ್ತು.

ವಿದ್ವಾಂಸರಿಗೆ ಊರಿನ ಕ್ರಮ ಹೀಗೆ ಎಂದು ಬಿಡಿಸಿ ಹೇಳಿದೆ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡರು. ಆಮೇಲೆ ಮುಕ್ಕಾಲು ದೋಸೆಯ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು, ಪಕ್ಕದ ಮೇಜಿನಲ್ಲಿ ತಿನ್ನುತ್ತಿದ್ದವರ ಬೆನ್ನ ಹಿಂದೆ ಹೋಗಿ ನಿಂತರು.

ಗಿರಿನಗರದ ದಾರಿ

ಮಧ್ಯಾಹ್ನ ಬೀಗರ ಮನೆಯಲ್ಲಿ ಊಟ. ನೀವೂ ಬನ್ನಿ ಎಂದು ವಿದ್ವಾಂಸರು ಬಿಡಲಿಲ್ಲ. ಬೀಗರು ಆ ಕಡೆಯ ಹಳೇ ಹಳ್ಳಿಯವರು. ಹಿಂದೆ ಬೇಸಾಯ, ಈಗ ಬಾಡಿಗೆ ಮನೆಗಳು. ಆಟೋದವನಿಗೆ ದಾರಿ ಹೇಳಲಿ ಎಂದು ಅವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಮೇನ್ ರೋಡಿಂದ ಒಳಗ್ ಬಂದ್ರೆ ಒಂದು ಹುಣಸೆ ಮರ ಇತ್ತು," ಎಂದರು ಬೀಗರು. "ಅಲ್ಲಿ ಎಡಕ್ಕೆ."

"ಮರ ಎಲ್ಲೂ ಕಾಣ್ತಿಲ್ಲ ಅಣ್ಣ," ಎಂದ ಆಟೋದವನು.

"ಎಲ್ಲಿ ಕಾಣುತ್ತೆ, ಕಡಿದು ಯಾವ ಕಾಲ ಆಯ್ತು! ಮುಂದಕ್ ಬನ್ನಿ. ಬಾವಿ ಇತ್ತು, ಮುಚ್ಚಿದ್ದಾರೆ. ಅಲ್ಲಿ ಬಲಕ್ಕೆ. ಆಮೇಲೆ ನಮ್ಮ ರಾಗಿ ಹೊಲ ಇತ್ತು..."

ಆಟೋದವನು ಗಾಡಿ ನಿಲ್ಲಿಸಿದ. "ಅಣ್ಣ, ಇದ್ದಿದ್ದೆಲ್ಲ ಬೇಡ. ಈಗ ಏನಿದೆ ಅದ್ ಹೇಳಿ."

ಬೀಗರು ಸ್ವಲ್ಪ ಯೋಚಿಸಿದರು. "ಈಗ ಏನೂ ಇಲ್ಲಪ್ಪ. ಬರೀ ಮನೆಗಳು."

ಕೊನೆಗೆ ಅವರೇ ಸ್ಕೂಟರಿನಲ್ಲಿ ಬಂದು, ನಮ್ಮ ಮುಂದೆ ಮುಂದೆ ಹೋಗುತ್ತಾ, ಇಲ್ಲದ ಮರದ ಹತ್ತಿರ ಎಡಕ್ಕೂ ಇಲ್ಲದ ಬಾವಿಯ ಹತ್ತಿರ ಬಲಕ್ಕೂ ಕೈ ತೋರಿಸಿ ಮನೆ ಸೇರಿಸಿದರು.

ಊಟ ಭರ್ಜರಿಯಾಗಿತ್ತು. ಒಳ್ಳೆಯ ಮನುಷ್ಯ, ಬಡಿಸಿದ ಪಾಯಸದಲ್ಲಿ ಗೋಡಂಬಿ ಕಮ್ಮಿಯಾಯಿತೆಂದು ಹೆಂಡತಿಯನ್ನು ಗದರಿ ಮತ್ತೆ ಹಾಕಿಸಿದರು. ಎಲೆಅಡಿಕೆ ಹಾಕಿಕೊಳ್ಳುತ್ತಾ ಅಷ್ಟೇ ಪ್ರೀತಿಯಿಂದ ಕೇಳಿದರು.

"ಬೀಗ್ರೇ, ನಾನೂ ಒಂದ್ಸಲ ಈ ಹಾಡಿನ ಕಛೇರಿಗೆ ಹೋಗಿದ್ದೆ. ಹಾಡೋರು ಹಾಡಿದ್ರು. ಆಮೇಲೆ ನಿಮ್ಮಂಗೇ ಒಬ್ರು ಒಂಟಿಯಾಗಿ ಬಾರ್ಸೋಕೆ ಶುರು ಮಾಡಿದ್ರು. ಎಲ್ರೂ ಎದ್ದು ಹೊರಟ್ರು. ಮುಗೀತು ಅಂದ್ಕೊಂಡು ನಾನೂ ಮನೆಗೆ ಬಂದೆ. ಎಲ್ರೂ ಹೋದ್ಮೇಲೂ ಅವರ್ಯಾಕೆ ಬಾರಿಸ್ತಾನೇ ಇದ್ರು?"

ವಿದ್ವಾಂಸರು ಎಲೆಗೆ ಸುಣ್ಣ ಸವರುತ್ತಲೇ ಇದ್ದರು. ಅಷ್ಟು ಹೊತ್ತು ಯಾರೂ ಸುಣ್ಣ ಸವರುವುದಿಲ್ಲ. ನನಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಬಾಯಿ ಹಾಕೋಣವೆಂದರೆ ಬಾಯಿ ತುಂಬ ಎಲೆಅಡಿಕೆಯಿತ್ತು.

"ಮಂಗಳ ಹಾಡೋವರೆಗೂ ಮುಗಿಯಲ್ಲ," ಎಂದರು ವಿದ್ವಾಂಸರು ಕೊನೆಗೆ. "ಅವರು ಒಬ್ಬರೇ ನುಡಿಸ್ತಿದ್ರಲ್ಲ, ಅದೇ ಅವರ ಕಛೇರಿ. ಮಾರನೇ ದಿನ ಮನೆಗೆ ಹೋದ್ರೆ ಅವರ ಹೆಂಡತಿ ಕೇಳೋದೂ ಅದು ಹೇಗಾಯ್ತು ಅಂತಲೇ."

ಬೀಗರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಹೌದಾ?" ಎಂದರು. "ಮತ್ತೆ ಆ ಜನಕ್ಕೆ ಏನು ರೋಗ?"

ಕಛೇರಿ

ನಾನೂ ಸುಮ್ಮನೆ ಕೂತವಳಲ್ಲ. ನಮ್ಮ ಸಭಾಂಗಣಕ್ಕೆ ಇರುವುದು ಒಂದೇ ಬಾಗಿಲು, ಅದರ ಆಚೆಗೇ ಕಾಫಿಯ ಮೇಜು. ಸಂಜೆ ಅಡುಗೆ ಭಟ್ಟರ ಹತ್ತಿರ ಹೋಗಿ, ತನಿ ಮುಗಿಯುವ ತನಕ ಡಿಕಾಕ್ಷನ್ನಿನ ಪಾತ್ರೆಯ ಮುಚ್ಚಳ ತೆಗೆಯಬೇಡಿ ಎಂದು ಕೈಮುಗಿದು ಹೇಳಿದೆ. ಕಾಫಿಯ ವಾಸನೆ ಬರದಿದ್ದರೆ ಜನ ಏಳುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಭಟ್ಟರು ಒಪ್ಪಿದರು.

ಹಾಡುವವಳು ಸುಬ್ರಹ್ಮಣ್ಯಪುರದ ಚಿಕ್ಕ ಹುಡುಗಿ. ನಮ್ಮ ಸಭೆಯಲ್ಲಿ ಅದೇ ಮೊದಲು. ಚೆನ್ನಾಗಿಯೇ ಹಾಡಿದಳು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಬೀಗರು, ಗರಿಗರಿ ಬಿಳಿ ಷರಟು ತೊಟ್ಟು, ಹೆಂಡತಿ ಮಗಳ ನಡುವೆ ನೆಟ್ಟಗೆ ಕೂತಿದ್ದರು. ದೊಡ್ಡ ಕೃತಿ ಮುಗಿಯುತ್ತಾ ಬಂತು. ಹುಡುಗಿ ವಿದ್ವಾಂಸರ ಕಡೆ ನೋಡಿ ತಲೆಬಾಗಿಸಿ ಸುಮ್ಮನಾದಳು. ವಿದ್ವಾಂಸರು ಕೈ ಒರೆಸಿಕೊಂಡು ಮೊದಲ ಏಟು ಹಾಕಿದರು.

ಹಿಂದಿನ ಸಾಲುಗಳಲ್ಲಿ ಕುರ್ಚಿ ಸರಿದ ಸದ್ದು.

ಕಾಫಿಯ ವಾಸನೆ ಬರಲಿಲ್ಲ, ನಿಜ. ಆದ್ದರಿಂದ ಕಾಫಿ ಯಾಕೆ ಬಂದಿಲ್ಲ ಎಂದು ವಿಚಾರಿಸಲು ಎಲ್ಲರೂ ಎದ್ದರು. ಯಾವತ್ತೂ ಏಳದ ಒಬ್ಬ ಅಜ್ಜಿ ಕೂಡ ಎದ್ದರು. ನಾನು ನಡುವೆ ನಿಂತು "ಇನ್ನೈದೇ ನಿಮಿಷ, ಇನ್ನೈದೇ ನಿಮಿಷ" ಎಂದೆ. ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರು ಕೇಳುತ್ತಾರೆ; ಕಾಫಿಯವರು ಕೇಳಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಬೀಗರೂ ಎದ್ದರು.

ವಿದ್ವಾಂಸರು ನೋಡಿದರು. ಕೈ ನಿಲ್ಲಲಿಲ್ಲ, ಮುಖ ಮಾತ್ರ ಇಳಿದುಹೋಯಿತು. ಕಣ್ಣು ಮೃದಂಗದ ಮೇಲೆ ನೆಟ್ಟು ಮತ್ತೆ ತಲೆ ಎತ್ತಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಮನುಷ್ಯರು ಕೇಳಿದ್ದು ಅದೊಂದೇ.

ಬೀಗರು ದುಡುದುಡು ನಡೆದು ಎಲ್ಲರಿಗಿಂತ ಮುಂಚೆ ಬಾಗಿಲು ಮುಟ್ಟಿದರು. ಮುಟ್ಟಿ, ಬಾಗಿಲು ಹಾಕಿ, ಚಿಲಕ ಜಡಿದು, ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಎಲ್ಲಿಗೆ?" ಎಂದರು. ತಿಂಗಳ ಕೊನೆಯಲ್ಲಿ ಗಂಟುಮೂಟೆ ಕಟ್ಟುವ ಬಾಡಿಗೆದಾರರ ಜೊತೆ ಮಾತಾಡಿ ಪಳಗಿದ ಗಂಟಲು, ಮೈಕು ಬೇಕಾಗಲಿಲ್ಲ. "ಎಲ್ರೂ ಕೂತ್ಕೊಳ್ಳಿ. ನಮ್ಮ ಬೀಗ್ರು ಈಗ ಶುರು ಮಾಡಿದ್ದಾರೆ."

"ಸ್ವಲ್ಪ ಅರ್ಜೆಂಟಿತ್ತು ಸಾರ್," ಎಂದರು ಮುಂದಿದ್ದ ಒಬ್ಬರು.

"ಇಷ್ಟು ಹೊತ್ತು ಆ ಹುಡುಗಿ ಹಾಡೋವಾಗ ಇರ್ಲಿಲ್ವಾ ಅರ್ಜೆಂಟು? ಕೂತ್ಕೊಳ್ಳಿ ಯಜಮಾನ್ರೇ."

ಕೂತರು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಅಜ್ಜಿಯೂ ಕೂತರು. ಸದ್ದು ಅಡಗಿದ್ದು ನೋಡಿ ವಿದ್ವಾಂಸರು ಮೆಲ್ಲಗೆ ತಲೆ ಎತ್ತಿದರು. ಒಂದು ಕುರ್ಚಿಯೂ ಖಾಲಿಯಿರಲಿಲ್ಲ, ಮುಂದಿನ ಸಾಲಿನ ನಡುವಿನದೊಂದನ್ನು ಬಿಟ್ಟು. ಅದರವರು ಬಾಗಿಲಲ್ಲಿ ಕೈಕಟ್ಟಿ ನಿಂತು, ತಾಳ ಗೊತ್ತಿಲ್ಲದೆ, ಆದರೆ ಬಹಳ ಜೋರಾಗಿ ತಲೆದೂಗುತ್ತಿದ್ದರು.

ಆಮೇಲೆ ವಿದ್ವಾಂಸರು ನುಡಿಸಿದ್ದನ್ನು ನಾನು ವರ್ಣಿಸಲಾರೆ. ಅರ್ಜೆಂಟಿದ್ದವರೇ ಮೊದಲು ಭೇಷ್ ಎಂದರು. ಕಾಫಿ ಮರೆತುಹೋಯಿತು. ಭಟ್ಟರು ಆಚೆಯಿಂದ ಕಿಟಕಿಯಲ್ಲಿ ಮುಖವಿಟ್ಟು ನಿಂತಿದ್ದರು. ಮುಗಿದಾಗ ಬಿದ್ದ ಚಪ್ಪಾಳೆ ನಮ್ಮ ಸಭೆಯಲ್ಲಿ ಯಾವ ಮೃದಂಗಕ್ಕೂ ಬಿದ್ದದ್ದಲ್ಲ. ವಿದ್ವಾಂಸರು ಕೈಮುಗಿದರು, ಕಣ್ಣು ಒದ್ದೆಯಾಗಿತ್ತು, ಬೆವರು ಎಂಬಂತೆ ಒರೆಸಿಕೊಂಡರು. ನನ್ನದೂ ಅದೇ ಗತಿ. ಮುಖದ ಮೇಲೆ ಏನೂ ತೋರಿಸದಿರುವುದು ಅವತ್ತು ಆಗಲಿಲ್ಲ.

ತನಿ ಮುಗಿದ ಮೇಲೆ ಹಾಡುವವರು ಅದೇ ಕೃತಿಯನ್ನು ಎತ್ತಿಕೊಂಡು ಮುಗಿಸಬೇಕು. ಹುಡುಗಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಅದೇ ಹೊತ್ತಿಗೆ ಬೀಗರು ದೊಡ್ಡ ಮನಸ್ಸು ಮಾಡಿ ಚಿಲಕ ತೆಗೆದು ಎರಡೂ ಕದಗಳನ್ನು ಅಗಲವಾಗಿ ತೆರೆದರು.

"ಹ್ಞಾಂ, ಈಗ ಹೋಗ್ಬನ್ನಿ ಎಲ್ರೂ. ನಮ್ಮೋರ್ದು ಮುಗೀತು."

ಭಟ್ಟರೂ ಕೊಟ್ಟ ಮಾತಿನಂತೆ ಅದೇ ಕ್ಷಣಕ್ಕೆ ಮುಚ್ಚಳ ತೆಗೆದರು. ವಾಸನೆ ಒಳಗೆ ಬಂತು, ಸಭೆ ಹೊರಗೆ ಹೋಯಿತು. ನೋಡನೋಡುತ್ತಿದ್ದಂತೆ ಸಭಾಂಗಣದಲ್ಲಿ ಉಳಿದವರೆಂದರೆ ನಾನು, ಬೀಗರ ಮನೆಯವರು, ಮತ್ತು ಏಳುವುದಕ್ಕೆ ನಿಧಾನವಾದ ಆ ಅಜ್ಜಿ.

ಹುಡುಗಿ ಖಾಲಿ ಕುರ್ಚಿಗಳನ್ನು ನೋಡಿದಳು. ಹಾಡಿನ ಸಾಲು ನಡುವೆಯೇ ನಿಂತಿತು. ವಿದ್ವಾಂಸರು ಎಡಗೈಯಲ್ಲಿ ತಾಳ ಬಿಡದೆ ಅವಳ ಕಡೆ ಬಾಗಿದರು. ಮೃದಂಗದ ಮುಂದಿನ ಮೈಕು ಆರಿರಲಿಲ್ಲವಾದ್ದರಿಂದ ಕಾಫಿಯ ಸಾಲಿನಲ್ಲಿದ್ದವರಿಗೂ ಅದು ಸ್ಪಷ್ಟವಾಗಿ ಕೇಳಿಸಿತು.

"ಬೇಜಾರ್ ಮಾಡ್ಕೋಬೇಡಮ್ಮ, ಹಾಡು. ಅಭ್ಯಾಸ ಆಗುತ್ತೆ."