ಅಂಟು ಹಚ್ಚುವವಳ ಸಂಸಾರ

ಕಾರಿಗೆ ಅಂಟು ಹಚ್ಚುವ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮನೆಯಲ್ಲಿ ನಗೆಪಾಟಲಾಗದ ತಿಂಗಳೇ ಇಲ್ಲ. ಮದುವೆಯಾದ ಮೂರೇ ತಿಂಗಳಿಗೆ ಮಾದನಹಿಪ್ಪರಗಾ ಬಿಟ್ಟು ಪುಣೆಯ ಹೊರಗಿನ ಕಾರು ಕಾರ್ಖಾನೆಗೆ ಬಂದವಳು ನಾನು. ನಮ್ಮವರು ಆಳಂದ ಬಸ್‌ಸ್ಟ್ಯಾಂಡಿನ ಎದುರು ಟೇಲರು. ಅಂಗಡಿ ಬಿಟ್ಟು ಬರುವ ಹಾಗಿಲ್ಲ. ಇಷ್ಟು ದೂರ ಇದ್ದರೆ ನನ್ನನ್ನು ಮರೆತೇಬಿಟ್ಟಾರು ಅನ್ನುವ ಹೆದರಿಕೆ ನನಗೆ. ನಗುತ್ತಲೇ ಹೇಳುತ್ತೇನೆ, ಆದರೆ ಹೆದರಿಕೆ ನಿಜ.

ಅತ್ತೆಯ ಪ್ರಚಾರ

ಒಂದು ದಿನ ಅತ್ತೆ ಫೋನಿನಲ್ಲಿ ಕೇಳಿದರು, "ಅಲ್ಲಿ ಏನ್ ಕೆಲಸ ಮಾಡ್ತಿ ನಮ್ಮವ್ವಾ?"

"ಎರಡು ತಗಡು ಕೂಡೋ ಸಂದಿಗೆ ಅಂಟು ತುಂಬ್ತೇನ್ರಿ ಅತ್ತಿ. ಕಾರಿನೊಳಗ ನೀರು ಹೋಗಬಾರದಂತ."

"ಹೊಸಾ ಕಾರಿಗೆ?"

"ಹೌದ್ರಿ, ಹೊಸಾ ಕಾರಿಗೆ."

ಅತ್ತೆ ಫೋನ್ ಇಟ್ಟರು. ಸಂಜೆಯೊಳಗೆ ಓಣಿ ತುಂಬ ಸುದ್ದಿ: ಹೊಸ ಕಾರುಗಳೆಲ್ಲ ಸೋರುತ್ತವೆ, ನಮ್ಮ ಸೊಸೆ ಕೂತು ತೇಪೆ ಹಾಕುತ್ತಾಳೆ! ಹೊಸ ಕಾರು ಬುಕ್ ಮಾಡಲು ಹೊರಟಿದ್ದ ಪಕ್ಕದ ಮನೆಯ ಮಾಸ್ತರರು ಹೆದರಿ, ಜೇವರ್ಗಿಗೆ ಹೋಗಿ ಹಳೆಯ ಕಾರು ತಂದರು. ಅದು ಈಗ ಸೋರುತ್ತಿದೆಯಂತೆ.

ಒಣಗದ ತೇಪೆ

ಆರು ತಿಂಗಳ ಮೇಲೆ ನಾಲ್ಕು ದಿನ ರಜೆ ಸಿಕ್ಕಿತು. ನಮ್ಮ ಅಡುಗೆಮನೆಯ ಮೇಲಿನ ತಗಡಿನ ಹೊದಿಕೆಗೆ, ಅಂದರೆ ಪತ್ರಾಸಿಗೆ, ತೂತು ಬಿದ್ದಿತ್ತು. ತಾರೀಖು ಮುಗಿದು ಎಸೆಯಲಿದ್ದ ಅಂಟಿನ ಕೊಳವೆಯೊಂದನ್ನು ಸೂಪರ್‌ವೈಸರರನ್ನು ಕೇಳಿಯೇ ತಂದಿದ್ದೆ. ಏಣಿ ಹತ್ತಿ, ಓಣಿಯವರೆಲ್ಲ ನೋಡುವ ಹಾಗೆ ಗತ್ತಿನಿಂದ ಹಚ್ಚಿದೆ.

ಮೊದಲ ದಿನ ಒಣಗಲಿಲ್ಲ. ಎರಡನೇ ದಿನ ಅದಕ್ಕೆ ಕೋಳಿಯ ಪುಕ್ಕ ಹತ್ತಿತ್ತು. ಆಗ ನೆನಪಾಯಿತು: ಕಾರ್ಖಾನೆಯಲ್ಲಿ ಅಂಟು ಹಚ್ಚಿದ ಮೇಲೆ ಕಾರಿನ ಮೈಯನ್ನು ಇಡಿಯಾಗಿ ಭಟ್ಟಿಯೊಳಗೆ ಕಳಿಸುತ್ತಾರೆ. ಆ ಕಾವಿಗೇ ಈ ಅಂಟು ಗಟ್ಟಿಯಾಗುವುದು. ಕಾವು ಬೇಕು ಎಂದದ್ದೇ ತಡ, ಅತ್ತೆ ಕೆಳಗೆ ಒಲೆ ಉರಿ ಏರಿಸಿ ಜೋಳದ ರೊಟ್ಟಿ ಬಡಿಯುತ್ತ ಕೂತರು. ಅಂಟು ಹಾಗೇ ಉಳಿಯಿತು, ಓಣಿಗೆಲ್ಲ ರೊಟ್ಟಿ ಹಂಚಿದೆವು.

ನಾನು ಹೊರಡುವ ದಿನ ನಮ್ಮವರು ಪತ್ರಾಸು ನೋಡುತ್ತ ಅಂದರು, "ಇದು ಒಣಗೋತನಾ ನೀ ಹೋಗಬ್ಯಾಡ."

"ಇದು ಒಣಗೂದೇ ಇಲ್ರಿ."

"ಗೊತ್ತದ," ಅಂದರು.

ಡಿಕ್ಕಿಯಲ್ಲಿ ಹುಡುಕಾಟ

ಇದು ಮೊನ್ನೆಯ ಸಂಗತಿ. ಅಂಗಿಯ ಹೊಲಿಗೆ ನೋಡಿದರೆ ಸಾಕು, ಯಾವ ಟೇಲರನ ಕೈ ಎಂದು ನಮ್ಮವರು ಹೇಳಿಬಿಡುತ್ತಾರೆ. ಅಂಟು ಎಳೆದ ಮೇಲೆ ಬೆರಳಿನಿಂದ ಸವರಿ ತುದಿಯನ್ನು ಎಡಕ್ಕೆ ಹೊರಳಿಸುವುದು ನನ್ನ ರೂಢಿ ಎಂದು ಅವರಿಗೆ ಹೇಳಿದ್ದೆ.

ಅಫಜಲಪುರದ ವ್ಯಾಪಾರಿಯೊಬ್ಬರು ನಮ್ಮ ಕಾರ್ಖಾನೆಯ ಹೊಸ ಕಾರನ್ನು ನಮ್ಮವರ ಅಂಗಡಿ ಮುಂದೆ ನಿಲ್ಲಿಸಿ, ಡಿಕ್ಕಿ ತೆರೆದಿಟ್ಟು, ಸಾಮಾನು ತರಲು ಹೋದರು. ತಿರುಗಿ ಬಂದರೆ ಡಿಕ್ಕಿಯ ಹೊರಗೆ ಎರಡು ಕಾಲು ಮಾತ್ರ ಕಾಣುತ್ತಿವೆ!

"ಯಾರಲೇ ಅಂವ? ಏನ್ ಹುಡುಕಾಕತ್ತಿ?"

ನಮ್ಮವರು ಒಳಗಿನಿಂದಲೇ ಅಂದರು, "ನನ್ನ ಹೇಣ್ತಿನ್ನ ಹುಡುಕಾಕತ್ತೇನ್ರಿ."

ಮಂದಿ ಕೂಡಿತು. ವ್ಯಾಪಾರಿ ಬೆವೆತುಹೋಗಿ, "ದೇವರಾಣಿ, ನಾ ಊರಿಂದ ಒಬ್ಬನೇ ಬಂದೇನ್ರೆಪ್ಪಾ!" ಎಂದು ಎಲ್ಲರಿಗೂ ಕೈಮುಗಿದರಂತೆ.

ಅವರಿಗೆ ಸಮಜಾಯಿಷಿ ಹೇಳಿ, ಚಹಾ ಕುಡಿಸಿ ಕಳಿಸಿದ ಮೇಲೆ ನಮ್ಮವರು ನನಗೆ ಫೋನ್ ಮಾಡಿದರು. "ನೀ ಸಿಕ್ಕಿ ನೋಡು. ಡಿಕ್ಕಿ ಮೂಲ್ಯಾಗ ತುದಿ ಎಡಕ್ಕ ಹೊಳ್ಳೇದ. ಅದರ ಮ್ಯಾಲ ಬೆರಳಿಟ್ಟು ಹಂಗೇ ಬಿದ್ದಿದ್ದೆ. ನಿಂದೇ ಹೌದಿಲ್ಲೋ?"

ಇವರು ನನ್ನನ್ನು ಮರೆತಿಲ್ಲ. ಆದರೆ ನಾನು ಅಂಟು ಹಚ್ಚುವುದು ಬಾಗಿಲಿಗೆ. ಡಿಕ್ಕಿಗೆ ಹಚ್ಚುವುದು ನನ್ನ ಪಕ್ಕದಲ್ಲಿ ನಿಂತಿರುವ ರೋಬೋ.

"ಹೌದ್ರಿ, ನಂದೇ," ಅಂದೆ.

ಮರುದಿನ ಪಾಳಿ ಮುಗಿಯುವವರೆಗೂ ಆ ರೋಬೋ ಕಡೆ ನಾನು ತಿರುಗಿಯೂ ನೋಡಲಿಲ್ಲ. ಸವತಿಯ ಮುಖ ಯಾರು ನೋಡುತ್ತಾರೆ?