ಮುಷ್ಕರದ ದಿನದ ಸೋದರಳಿಯ

ಸಹಿ ಆಗಬೇಕಾಗಿದ್ದದ್ದು ಗುರುವಾರ. ಮುಷ್ಕರ ಬಂದದ್ದೂ ಗುರುವಾರವೇ. ವಾರದಲ್ಲಿ ಇನ್ನೂ ಆರು ದಿನಗಳು ಸುಮ್ಮನೆ ಬಿದ್ದಿದ್ದವು, ಆದರೆ ಹಸೂನಾನ ಪಾಲಿಗೆ ಎಲ್ಲವೂ ಒಂದೇ ದಿನ ಬರಬೇಕು.

ಹಸೂನಾ ಟ್ಯೂನಿಸ್ ನಗರದ ನಟ್ಟನಡುವಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಮನೆ ಇರುವುದು ಹದಿಮೂರು ಕಿಲೋಮೀಟರ್ ದೂರದ ಎಜ್ಜಹ್ರಾದಲ್ಲಿ. ಹದಿನೇಳು ವರ್ಷಗಳಿಂದ ಬೆಳಗ್ಗೆ ಒಂದು ರೈಲು, ಒಂದು ಬಸ್ಸು. ಸಂಜೆ ಒಂದು ಬಸ್ಸು, ಒಂದು ರೈಲು. ಈ ಹದಿನೇಳು ವರ್ಷಗಳಲ್ಲಿ ಆ ನೂಕುನುಗ್ಗಲಿಗೆ ಅವನು ಮೂರು ಕೊಡೆ, ಹಿಡಿ ತುಂಬ ಅಂಗಿ ಗುಂಡಿ, ಎಡಗಾಲಿನ ಒಂದು ಶೂ ಅರ್ಪಿಸಿದ್ದ. ಒಮ್ಮೆಯಂತೂ ಜನರ ನಡುವೆ ಸಿಕ್ಕಿಕೊಂಡು, ಇಳಿಯಬೇಕಾದಲ್ಲಿ ಇಳಿಯಲಾಗದೆ ಕೊನೆಯ ನಿಲ್ದಾಣದ ತನಕ ಹೋಗಿ, ಅಲ್ಲೇ ಇದ್ದ ನಾದಿನಿಯ ಮನೆಯಲ್ಲಿ ಊಟ ಮುಗಿಸಿಕೊಂಡು ಬಂದಿದ್ದ.

ಈಗ ದೇವರು ಕಣ್ಣು ಬಿಟ್ಟಿದ್ದ. ಎಜ್ಜಹ್ರಾದಲ್ಲೇ ಇರುವ ಶಾಖೆಯಲ್ಲಿ ಒಬ್ಬ ಗುಮಾಸ್ತ ನಿವೃತ್ತನಾಗಿ ಒಂದು ಕುರ್ಚಿ ಖಾಲಿಯಾಗಿತ್ತು. ಆ ಶಾಖೆ ಅವನ ಮನೆಯಿಂದ ಇನ್ನೂರು ಹೆಜ್ಜೆ. ಹೆಂಡತಿ ದಲೀಲಾ ಒಗ್ಗರಣೆ ಹಾಕಿದರೆ ಅಲ್ಲಿಗೆ ವಾಸನೆ ಬರುತ್ತಿತ್ತು. ಹಸೂನಾ ವರ್ಗಾವಣೆಯ ಅರ್ಜಿ ಬರೆದ. ನಿರ್ದೇಶಕ ಸಿ ಶಾದ್ಲಿ ಒಪ್ಪಿದರು. ಹೆಸರಿನ ಹಿಂದೆ ಗೌರವದ 'ಸಿ' ಇಲ್ಲದೆ ಅವರನ್ನು ನೆನೆಸಿಕೊಳ್ಳಲೂ ಕಚೇರಿಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಮನೆಯ ಮಾತು ಕಚೇರಿಗೆ ತರದ, ಕಚೇರಿಯಲ್ಲಿ ನಗದ ಮನುಷ್ಯ.

"ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಅರ್ಜಿ ಹಿಡ್ಕೊಂಡು ನೀನೇ ಬಾ. ಸಹಿ ಹಾಕ್ತೀನಿ," ಎಂದಿದ್ದರು. "ಹನ್ನೆರಡು ದಾಟಿದ್ರೆ ಕುರ್ಚಿ ಬಿಜೆರ್ತೆ ಶಾಖೆಯವನಿಗೆ. ಅವನೂ ಕೇಳ್ತಿದ್ದಾನೆ."

ಬುಧವಾರ ಸಂಜೆ ಸುದ್ದಿ ಬಂತು: ನಾಳೆ ಬಸ್ಸಿಲ್ಲ, ಮೆಟ್ರೊ ಇಲ್ಲ, ರೈಲೂ ಇಲ್ಲ.

ಗುರುವಾರ ಬೆಳಗ್ಗೆ ಏಳಕ್ಕೇ ಹಸೂನಾ ಇಸ್ತ್ರಿ ಮಾಡಿದ ಕೋಟು ತೊಟ್ಟು, ಅರ್ಜಿಯನ್ನು ಒಳಜೇಬಿನಲ್ಲಿಟ್ಟು ಬೀದಿಗಿಳಿದ. ಎಜ್ಜಹ್ರಾದ ಜನವೆಲ್ಲ ಆಗಲೇ ಅಲ್ಲಿದ್ದರು. ಹಳದಿ ಟ್ಯಾಕ್ಸಿಗಳು ಬಂದರೂ ಚಾಲಕರು ಗಾಜು ಇಳಿಸದೆ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಒಬ್ಬೊಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಮುಂದೆ ಹೋಗುತ್ತಿದ್ದರು. ಕಚೇರಿಗೆ ಫೋನ್ ಮಾಡಿದ. ಹತ್ತು ಸಲ ಬಡಿದುಕೊಂಡರೂ ಯಾರೂ ಎತ್ತಲಿಲ್ಲ.

"ಎತ್ತೋಕೆ ಅಲ್ಲಿ ಯಾರಾದ್ರೂ ಇರಬೇಕಲ್ಲ," ಎಂದಳು ಕಿಟಕಿಯಿಂದ ದಲೀಲಾ. "ಆ ಸಿ ಶಾದ್ಲಿನೂ ಬಂದಿರಲ್ಲ. ಒಳಗೆ ಬನ್ನಿ, ಮೊಟ್ಟೆ ಹುರಿದಿದ್ದೀನಿ."

"ಅವರಾ? ಭೂಕಂಪ ಆದ್ರೂ ಎಂಟಕ್ಕೆ ಕುರ್ಚೀಲಿರ್ತಾರೆ. ಅವರಿಗೆ ಕಾರಿದೆ ಕಣೇ."

ಅಷ್ಟರಲ್ಲಿ ಪಕ್ಕದ ಮನೆಯ ಖಮೈಸ್ ಮೊಪೆಡ್ ತಳ್ಳಿಕೊಂಡು ಬಂದ. ಯಾರೂ ಕೇಳದಿದ್ದರೂ ಉಪಕಾರ ಮಾಡುವುದು ಅವನ ಕಸುಬು. ಹೊಟ್ಟೆಪಾಡಿಗೆ ನಗರದ ಮಾರುಕಟ್ಟೆಯಲ್ಲಿ ಆಲಿವ್ ಮಾರುತ್ತಿದ್ದ.

"ಹತ್ತು ಅಣ್ಣ ಹಿಂದೆ! ಅರ್ಧ ಗಂಟೇಲಿ ನಿನ್ನ ಸಾಹೇಬರ ಮೇಜಿನ ಮುಂದೆ ನಿಲ್ಲಿಸ್ತೀನಿ."

ಹಸೂನಾ ಹತ್ತಿದ. ಎರಡನೆಯ ತಿರುವಿನಲ್ಲಿ ಚೈನು ಕಿತ್ತುಕೊಂಡಿತು. ಖಮೈಸ್ ರಸ್ತೆಯ ಮೇಲೆ ಕೂತು ಒಂದು ಗಂಟೆ ರಿಪೇರಿ ಮಾಡಿದ. ಕೊನೆಗೆ ಚೈನು ಎರಡು ತುಂಡಾಗಿದ್ದದ್ದು ಮೂರಾಯಿತು. ಗಂಟೆ ಒಂಬತ್ತಾಯಿತು. ಹಸೂನಾನಿಗೆ ಅಳು ಬರುವುದೊಂದು ಬಾಕಿ.

"ಬಸ್ಸಲ್ಲಿ ಹೋಗೋಣ ಬಿಡು," ಎಂದ ಖಮೈಸ್, ಕೈಯ ಗ್ರೀಸನ್ನು ಹಸೂನಾನ ಕರವಸ್ತ್ರಕ್ಕೆ ಒರೆಸುತ್ತ.

"ತಲೆ ನೆಟ್ಟಗಿದೆಯಾ ನಿಂಗೆ? ಮುಷ್ಕರ!"

"ಇಡೀ ಟ್ಯೂನಿಸಲ್ಲಿ ಇವತ್ತು ಒಂದೇ ಒಂದು ಬಸ್ಸು ಓಡುತ್ತೆ. ಅದೂ ನಮ್ಮೂರಿಂದಾನೇ. ಮಸೀದಿ ಹಿಂದಿನ ಬೀದಿಯ ಹಾಜಿ ಬಲ್ಗಾಸೆಮ್ ನಿನ್ನೆ ಹೋಗ್ಬಿಟ್ರಂತೆ. ತೊಂಬತ್ತೊಂದು ವರ್ಷ. ನಲವತ್ತು ವರ್ಷ ಬಸ್ಸು ಓಡಿಸಿದವರು, ಹಳೇ ಕಾಲದಲ್ಲಿ ಮುಷ್ಕರಗಳನ್ನೂ ಮಾಡಿಸಿದವರು. ಅದಕ್ಕೇ ಡ್ರೈವರುಗಳ ಸಂಘದವರು ಅವರ ದಫನಿಗೆ ಹೋಗೋರಿಗೆ ಅಂತ ಒಂದು ಬಸ್ಸು ಬಿಟ್ಟಿದ್ದಾರೆ. ಜಲ್ಲಾಜ್ ಖಬರಸ್ಥಾನಕ್ಕೆ. ಅಲ್ಲಿಂದ ನಿನ್ನ ಆಫೀಸು ಎಷ್ಟು ದೂರ?"

ಕಾಲು ಗಂಟೆಯ ನಡಿಗೆ. ಹಸೂನಾ ಒಳಜೇಬಿನ ಅರ್ಜಿಯನ್ನು ಮುಟ್ಟಿ ನೋಡಿಕೊಂಡ. "ಪಾಪ ಅಲ್ವೇನೋ?"

"ಸತ್ತವರಿಗೊಂದು ದುವಾ ಮಾಡು, ಅವರಿಗೂ ಪುಣ್ಯ, ನಿಂಗೂ ಪುಣ್ಯ. ಪಾಪ ಎಲ್ಲಿಂದ ಬಂತು?"

ಮಸೀದಿ ಹಿಂದಿನ ಬೀದಿಗೆ ಹೋದರೆ, ಹಾಜಿ ಬಲ್ಗಾಸೆಮರಿಗೆ ಇಷ್ಟೊಂದು ಅಭಿಮಾನಿಗಳಿದ್ದರೇ ಎಂದು ಬೆರಗಾಗಬೇಕು. ಲ್ಯಾಪ್‌ಟಾಪ್ ಚೀಲ ತಗುಲಿಸಿಕೊಂಡವರು, ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು, ಬಿಳಿ ಕೋಟಿನ ನರ್ಸು ಲತೀಫಾ, ಎಲ್ಲರೂ ಮುಖ ಬಾಡಿಸಿಕೊಂಡು ಸಾಲಿನಲ್ಲಿದ್ದರು. ಶವದ ವ್ಯಾನು, ಮನೆಯವರ ಕಾರು ಆಗಲೇ ಮುಂದೆ ಹೊರಟಿದ್ದವು. ಬಸ್ಸಿನ ಬಾಗಿಲಲ್ಲಿ ಸಂಘದ ಮಬ್ರೂಕ್ ನಿಂತಿದ್ದ. ಬಾಗಿಲಗಲದ ಆಳು, ತೋಳಿಗೆ ಕಪ್ಪು ಪಟ್ಟಿ, ಅತ್ತು ಕೆಂಪಾದ ಕಣ್ಣು.

"ಹೆಂಗಸರು ದಫನಿಗೆ ಬರೋದಿಲ್ಲ, ತಂಗಿ," ಎಂದ ಲತೀಫಾಗೆ.

"ನಾನೆಲ್ಲಿ ಖಬರಸ್ಥಾನದೊಳಗೆ ಬರ್ತೀನಿ ಅಂದೆ? ಗೇಟಿನ ಹತ್ರ ಇಳಿದು ನಿಂತು ದುಃಖಪಡ್ತೀನಿ. ಅದಕ್ಕೂ ನಿಮ್ಮ ಸಂಘದ ಅನುಮತಿ ಬೇಕಾ?" ಎನ್ನುತ್ತ ಅವಳು ಅವನ ತೋಳಿನ ಕೆಳಗೇ ನುಸುಳಿ ಒಳಗೆ ಹೋದಳು.

ಹಸೂನಾನ ಸರದಿ ಬಂತು. "ಹಾಜಿಯವರು ನಿಮಗೇನಾಗಬೇಕು?"

ಹಸೂನಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಖಮೈಸ್ ಕೂಗಿದ: "ಸೋದರಳಿಯ! ಸ್ವಂತ ಸೋದರಳಿಯ! ಹಾಜಿಯವರಿಗೆ ಇದ್ದೋನೇ ಇವನೊಬ್ಬ!"

ಮಬ್ರೂಕ್ ಹಸೂನಾನನ್ನು ಎದೆಗೆ ಅಪ್ಪಿಕೊಂಡ. ಒಳಜೇಬಿನ ಅರ್ಜಿ ಚರಚರ ಎಂದಿತು. "ನನಗೆ ಸ್ಟೇರಿಂಗ್ ಹಿಡಿಯೋಕೆ ಕಲಿಸಿದ ಗುರು ಅವರು. ಇಂಥಾ ಅಳಿಯ ಇದ್ದಾನೆ ಅಂತ ಒಂದು ದಿನಾನೂ ಹೇಳಲಿಲ್ಲವಲ್ಲ!"

"ಅವರು... ಮಾತಾಡ್ತಾ ಇದ್ದದ್ದೇ ಕಡಿಮೆ," ಎಂದ ಹಸೂನಾ.

"ಕಡಿಮೆಯಾ? ನಲವತ್ತು ವರ್ಷ ಬಾಯಿ ಮುಚ್ಚಲಿಲ್ಲ ಮನುಷ್ಯ!"

"ಮನೇಲಿ," ಎಂದು ಹಸೂನಾ ತಿದ್ದಿಕೊಂಡ.

ಮಬ್ರೂಕ್ ಅವನನ್ನು ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ, ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಹದಿನೇಳು ವರ್ಷಗಳಲ್ಲಿ ಬಸ್ಸಿನಲ್ಲಿ ಹಸೂನಾನಿಗೆ ಸೀಟು ಸಿಕ್ಕಿದ್ದು ಅದೇ ಮೊದಲು. ಅದರ ಬೆಲೆಯನ್ನು ದಾರಿಯುದ್ದಕ್ಕೂ ತೆರಬೇಕಾಯಿತು. "ಮಾವನ ಬಗ್ಗೆ ಏನಾದ್ರೂ ಹೇಳಿ," ಎನ್ನುವನು ಮಬ್ರೂಕ್. ಹಾಜಿಯವರ ಮುಖ ಹೇಗಿತ್ತೆಂದೇ ತಿಳಿಯದ ಹಸೂನಾ, ಅವರು ಹಬ್ಬಕ್ಕೆ ಮಿಠಾಯಿ ತರುತ್ತಿದ್ದರೆಂದ, ಮೊಣಕಾಲಿನ ಮೇಲೆ ಕೂರಿಸಿಕೊಂಡು ಬಸ್ಸಿನ ಸದ್ದು ಮಾಡುತ್ತಿದ್ದರೆಂದ. ಹಿಂದಿನ ಸೀಟಿನಿಂದ ಖಮೈಸ್ "ನಾನೇ ನೋಡಿದ್ದೀನಿ!" ಎಂದು ಸಾಕ್ಷಿ ಹೇಳುತ್ತಿದ್ದ. ಒಬ್ಬ ಮುದುಕರು ಮಾತ್ರ, "ಒಳ್ಳೇ ಮನುಷ್ಯ. ಎಂಬತ್ತೈದನೇ ಇಸವೀಲಿ ಬಸ್ಸಿನ ಬಾಗಿಲು ಹಾಕಿ ನನ್ನ ಕಾಲು ಜಜ್ಜಿದ್ದ. ಕ್ಷಮಿಸಿದ್ದೀನಿ," ಎಂದರು. ಅಷ್ಟು ಹೊತ್ತಿಗೆ ಹೇಳುತ್ತ ಹೇಳುತ್ತ ಹಸೂನಾನಿಗೇ ಕಣ್ಣು ಒದ್ದೆಯಾಗಿತ್ತು. ಅವನಿಗೆ ನಿಜವಾಗಿ ಸೋದರಮಾವ ಯಾರೂ ಇರಲಿಲ್ಲ, ಚಿಕ್ಕಂದಿನಿಂದ ಅದೊಂದು ಕೊರಗು.

ರಸ್ತೆ ತುಂಬ ಕಾರುಗಳು. ಜಲ್ಲಾಜ್ ಗೇಟು ಮುಟ್ಟಿದಾಗ ಗಂಟೆ ಹನ್ನೊಂದಕ್ಕೆ ಹತ್ತು ನಿಮಿಷ. ಬಾಗಿಲು ತೆರೆಯಿತು. ದುಃಖತಪ್ತರು ಇಳಿದರು. ಲತೀಫಾ ಗೇಟಿಗೆ ಮುಖ ಮಾಡಿ ಅರ್ಧ ನಿಮಿಷ ದುಃಖಪಟ್ಟು ಆಸ್ಪತ್ರೆಯ ದಾರಿ ಹಿಡಿದಳು. ಹಸೂನಾನೂ ಬಸ್ಸಿನ ಹಿಂಬದಿಯಿಂದ ಮೆಲ್ಲಗೆ ಸರಿದು ರಸ್ತೆಗೆ ಒಂದು ಕಾಲು ಇಟ್ಟ.

"ಎಲ್ಲಿಗೆ ಅಣ್ಣ? ಈ ಕಡೆ!" ಮಬ್ರೂಕ್‌ನ ಕೈ ಹೆಗಲ ಮೇಲೆ ಬಿತ್ತು. ಗೇಟಿನ ಬಳಿ ವ್ಯಾನಿನಿಂದ ಇಳಿಸಿದ ಶವದ ಮಂಚ ಕಾಯುತ್ತಿತ್ತು. "ಮೊದಲ ಹೆಗಲು ಅಳಿಯನದ್ದೇ ಅಲ್ವಾ?"

ನಮ್ಮಲ್ಲಿ ಶವದ ಮಂಚವನ್ನು ಯಾರೂ ಪೂರ್ತಿ ದಾರಿ ಹೊರುವುದಿಲ್ಲ. ನಾಲ್ಕಾರು ಹೆಜ್ಜೆಗೆ ಹಿಂದಿನವನು ಬಂದು ಹೆಗಲು ಕೊಡುತ್ತಾನೆ, ಮುಂದಿನವನು ಬಿಡುತ್ತಾನೆ, ಹಾಗೆ ಎಲ್ಲರಿಗೂ ಪುಣ್ಯ ಹಂಚಿಹೋಗುತ್ತದೆ. ನಾಲ್ಕಾರು ಹೆಜ್ಜೆ ತಾನೆ ಎಂದು ಹಸೂನಾ ಮುಂದಿನ ಎಡಗಡೆಗೆ ಹೆಗಲು ಕೊಟ್ಟ. ಆರು ಹೆಜ್ಜೆ ಆಯಿತು. ಹತ್ತಾಯಿತು. ಯಾರೂ ಬರಲಿಲ್ಲ. ಕತ್ತು ಹೊರಳಿಸಿ ನೋಡಿದರೆ ಬಸ್ಸು ತುಂಬ ಬಂದ ಬಂಧುಬಳಗ ಕರಗಿಹೋಗಿತ್ತು. ಖಮೈಸ್ ದೂರದಲ್ಲಿ ಟೋಪಿ ಒತ್ತಿ ಹಿಡಿದುಕೊಂಡು ಮಾರುಕಟ್ಟೆಯ ಕಡೆಗೆ ಓಡುತ್ತಿದ್ದ. ಉಳಿದವರು ಮಬ್ರೂಕ್, ಅವನ ಇಬ್ಬರು ಸಂಗಾತಿಗಳು, ಮತ್ತು ಕಾಲು ಜಜ್ಜಿಸಿಕೊಂಡಿದ್ದ ಮುದುಕರು. ಅವರಿಗೆ ಈಗ ಎರಡೂ ಕಾಲು ನೋಯುತ್ತಿದ್ದವು.

ಜಲ್ಲಾಜ್ ಇರುವುದು ಗುಡ್ಡದ ಮೇಲೆ. ಹಾಜಿಯವರ ಜಾಗ ಗುಡ್ಡದ ತುದಿಯಲ್ಲಿ. ಮನೆಯವರು ಮೇಲಿನ ದಾರಿಯಿಂದ ಕಾರಿನಲ್ಲಿ ಹೋಗಿ ಅಲ್ಲೇ ಕಾಯುತ್ತಿದ್ದರು. ಹಸೂನಾ ಬೆವರಿದ, ಏದುಸಿರು ಬಿಟ್ಟ, ಗಡಿಯಾರ ನೋಡಲು ಕೈ ಎತ್ತಲಾಗದೆ ಪಕ್ಕದವನನ್ನು ಗಂಟೆ ಕೇಳಿದ. "ಇನ್ನು ಅವರಿಗೆ ಗಂಟೆ ಎಲ್ಲಿಂದ ಬಂತು ಅಣ್ಣ," ಎಂದು ಅವನು ಬಿಕ್ಕಿದ.

ಮೇಲೆ ಇಮಾಮರ ಪ್ರಾರ್ಥನೆಯಾಯಿತು. ಎಲ್ಲರೂ ಮಣ್ಣು ಹಾಕಿದರು. ತಾನು ಅಷ್ಟು ದೂರ ಹೊತ್ತು ತಂದ ಹಾಜಿಯವರಿಗೆ ಹಸೂನಾ ಮನಸಾರೆ ದುವಾ ಮಾಡಿದ. ಮುಗಿದಾಗ ಹನ್ನೊಂದೂ ನಲವತ್ತು. ಗುಡ್ಡ ಇಳಿದು ಓಡಿದರೆ ಇನ್ನೂ ಸಮಯವಿತ್ತು. ಆದರೆ ಕೊನೆಯಲ್ಲಿ ಮನೆಯವರು ಸಾಲಾಗಿ ನಿಲ್ಲಬೇಕು, ಬಂದವರು ಒಬ್ಬೊಬ್ಬರಾಗಿ ಕೈ ಹಿಡಿದು ಸಾಂತ್ವನ ಹೇಳಬೇಕು. ಮಬ್ರೂಕ್ ಅವನನ್ನು ಎತ್ತಿಕೊಂಡು ಹೋದಂತೆ ಕರೆದೊಯ್ದು ಸಾಲಿನ ತುದಿಯಲ್ಲಿ ನಿಲ್ಲಿಸಿದ. "ಅಳಿಯಂದಿರಿಬ್ಬರೂ ಅಕ್ಕಪಕ್ಕ ನಿಂತ್ಕೊಳ್ಳಿ. ಇವರು ಮಗಳ ಗಂಡ, ಇವನು ತಂಗಿಯ ಮಗ."

ಮಗಳ ಗಂಡ ತಿರುಗಿ ನೋಡಿದರು. ಹಸೂನಾನೂ ನೋಡಿದ.

ಸಿ ಶಾದ್ಲಿ.

ಹಸೂನಾನಿಗೆ ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ನಮ್ಮ ಮಾವನವರಿಗೆ," ಎಂದರು ಸಿ ಶಾದ್ಲಿ ಸಣ್ಣ ದನಿಯಲ್ಲಿ, "ಅಕ್ಕತಂಗಿಯರೇ ಇರಲಿಲ್ಲ."

"ಸಿ ಶಾದ್ಲಿ... ನಾನು... ಬಸ್ಸು..."

"ಏನೂ ಹೇಳಬೇಡ." ಅವರ ಗದ್ದ ನಡುಗುತ್ತಿತ್ತು. "ಆಫೀಸಲ್ಲಿ ಅರವತ್ತು ಜನ ಇದ್ದೀರಿ. ರಾತ್ರಿಯೇ ಎಲ್ಲರಿಗೂ ಸುದ್ದಿ ಕಳಿಸೋಕೆ ಹೇಳಿದ್ದೆ. ಬಸ್ಸಿಲ್ಲ, ರೈಲಿಲ್ಲ ಅಂತ ಒಬ್ಬನೂ ಬರಲಿಲ್ಲ. ನೀನು ಸುಳ್ಳು ಸಂಬಂಧ ಹೇಳಿಯಾದರೂ ಬಸ್ಸು ಹತ್ತಿ ಬಂದೆ. ನೋಡ್ತಾ ಇದ್ದೆ ನಾನು. ಅಷ್ಟುದ್ದ ಗುಡ್ಡ, ಒಂದು ಸಲಾನೂ ಹೆಗಲು ಬದಲಾಯಿಸಲಿಲ್ಲ."

ಆ ಸುದ್ದಿ ಹಸೂನಾನಿಗೆ ತಲುಪಿರಲೇ ಇಲ್ಲ. ಅದನ್ನು ಹೇಳುವಷ್ಟು ಪ್ರಾಮಾಣಿಕತೆ ಅವನಲ್ಲಿತ್ತು, ಧೈರ್ಯ ಇರಲಿಲ್ಲ. ಮೇಲಾಗಿ ಹನ್ನೊಂದೂ ಐವತ್ತೈದಾಗಿತ್ತು, ಸಹಿ ಹಾಕುವ ಕೈ ಒಂದು ಗೇಣಿನ ದೂರದಲ್ಲಿತ್ತು. ಒಳಜೇಬಿನಿಂದ ಅರ್ಜಿ ತೆಗೆದು ನೀಡಿದ. ಅದರ ಮೇಲೆ ಬೆವರಿತ್ತು, ಹೆಬ್ಬೆಟ್ಟಿನ ಗಾತ್ರದ ಜಲ್ಲಾಜ್ ಮಣ್ಣಿತ್ತು.

ಸಿ ಶಾದ್ಲಿ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಓದಿದರು. ಆಮೇಲೆ ಅದನ್ನು ನಿಧಾನವಾಗಿ ಎರಡಾಗಿ, ನಾಲ್ಕಾಗಿ ಹರಿದರು.

"ಇಂಥ ಮನುಷ್ಯನನ್ನ ಎಜ್ಜಹ್ರಾಕ್ಕೆ ಕಳಿಸಿ ನಾನು ಯಾರ ಜೊತೆ ಕೆಲಸ ಮಾಡಲಿ? ನಿನ್ನ ಬೆಲೆ ನಾನೇ ತಿಳೀಲಿಲ್ಲ, ಅದಕ್ಕೇ ಬೇಸತ್ತು ಹೊರಟಿದ್ದೀಯ. ಆ ಕುರ್ಚಿ ಬಿಜೆರ್ತೆಯವನಿಗೇ ಹೋಗಲಿ. ನಾಳೆಯಿಂದ ನನ್ನ ಕೋಣೆಯ ಪಕ್ಕದಲ್ಲೇ ನಿನ್ನ ಮೇಜು. ನಾನು ನಿವೃತ್ತನಾಗೋ ತನಕ ನಿನ್ನ ಬಿಡಲ್ಲ."

"ನಿವೃತ್ತಿ... ಯಾವಾಗ ಸಾಹೇಬರೇ?"

"ಇನ್ನೂ ಹನ್ನೊಂದು ವರ್ಷ ಇದೆ, ಹೆದರಬೇಡ," ಎಂದು ಅವರು ಅವನ ಬೆನ್ನು ತಟ್ಟಿದರು. "ಎಲ್ಲರ ಹಾಗೆ ಎಂಟಕ್ಕೆ ಬರಬೇಡ. ಏಳಕ್ಕೆ ಬಾ. ಕಾಫಿ ಜೊತೆಗೇ ಕುಡಿಯೋಣ."

ಅದನ್ನು ಹೇಳುವಾಗ ಅವರು ನಕ್ಕರು. ಸಿ ಶಾದ್ಲಿ ನಕ್ಕದ್ದನ್ನು ಕಚೇರಿಯಲ್ಲಿ ಮೊದಲು ಕಂಡವನು ಹಸೂನಾ. ಅದನ್ನು ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಗೇಟಿನಲ್ಲಿ ಬಸ್ಸಿರಲಿಲ್ಲ, ಅದರ ಡ್ರೈವರು ಜನರನ್ನಿಳಿಸಿ ಹೊರಟುಹೋಗಿದ್ದ. ಸಂಘದ ಅನುಮತಿ ಬರುವುದಕ್ಕೆ ಮಾತ್ರವಂತೆ, ಹೋಗುವುದಕ್ಕಲ್ಲ. ಮಬ್ರೂಕ್‌ನ ಮನೆಯೂ ಎಜ್ಜಹ್ರಾದ ಕಡೆಗೇ ಇತ್ತು. ಇಬ್ಬರೂ ಹದಿಮೂರು ಕಿಲೋಮೀಟರ್ ನಡೆದರು. ನಡುದಾರಿಯಲ್ಲಿ ಮಬ್ರೂಕ್‌ನ ಫೋನು ಬಡಿದುಕೊಂಡಿತು. ಕೇಳಿಸಿಕೊಂಡು ಹಸೂನಾನನ್ನು ಇನ್ನೊಮ್ಮೆ ಅಪ್ಪಿಕೊಂಡ.

"ನಮ್ಮ ಬೇಡಿಕೆ ಒಪ್ಪಿದ್ರಂತೆ! ನಾಳೆಯಿಂದ ಬಸ್ಸು ಓಡುತ್ತೆ. ನೀವು ಎಷ್ಟು ಹೊತ್ತಿಗೆ ಆಫೀಸಲ್ಲಿರಬೇಕು?"

"ಏಳಕ್ಕೆ," ಎಂದ ಹಸೂನಾ, ಕುಂಟುತ್ತ.

"ಹಾಗಾದ್ರೆ ಐದೂ ಮುಕ್ಕಾಲಿನ ಬಸ್ಸು. ಅದು ನಂದೇ ಗಾಡಿ! ನನ್ನ ಪಕ್ಕದ ಸೀಟು ಇನ್ಮೇಲೆ ನಿಮ್ಮದು, ಬೇರೆ ಯಾರಿಗೂ ಕೂರೋಕೆ ಬಿಡಲ್ಲ." ಮಬ್ರೂಕ್ ಅವನ ನೋಯುವ ಎಡ ಹೆಗಲಿನ ಮೇಲೆಯೇ ಕೈ ಹಾಕಿದ. "ದಿನಾ ಹೋಗ್ತಾ ಹೋಗ್ತಾ ಮಾವನ ಕತೆ ಹೇಳ್ತಾ ಇರಿ."